ಕೆಜಿಎಫ್ ಗಣಿವಿಜ್ಞಾನ ಕೇಳದೆ ಬಿಟ್ಟ ಪ್ರಶ್ನೆಗಳು

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೇಂದ್ರದ ಒಂದು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ (ಕೆಜಿಎಫ್) ಸಾವಿರ ಎಕರೆಗೂ ಮಿಗಿಲಾಗಿ ಹರಡಿರುವ 13 ಸೈನೈಡ್ ದಿಬ್ಬಗಳನ್ನು ಹರಾಜು ಹಾಕಿ, ಅವುಗಳಲ್ಲಿ ಉಳಿದ ಚಿನ್ನವನ್ನು ಮತ್ತೆ ತೆಗೆಯಬೇಕೆಂಬುದು ಆ ಪ್ರಸ್ತಾವ. ಅಂದಾಜಿನ ಪ್ರಕಾರ ಅಲ್ಲಿರುವ ಗಣಿತ್ಯಾಜ್ಯ 3.3 ಕೋಟಿ ಟನ್, ಅದರೊಳಗಿನ ಚಿನ್ನ 23 ಟನ್. ಸುದ್ದಿಯಾದದ್ದು 23 ಟನ್ ಎಂಬ ಅಂಕಿ. ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿದರೆ ಟನ್ನಿಗೆ 0.7 ಗ್ರಾಂ ಬರುತ್ತದೆ. ಅಂದರೆ ಕೊನೆಯ ಕಣದವರೆಗೆ ಚಿನ್ನ ಬಸಿದು ತೆಗೆದರೂ ದಿಬ್ಬದ ತೂಕದಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ವ್ಯತ್ಯಾಸವಾಗುವುದಿಲ್ಲ, 3.3 ಕೋಟಿ ಟನ್ ಪುಡಿ ಇದ್ದಲ್ಲೇ ಅಥವಾ ಪಕ್ಕದಲ್ಲೇ ಉಳಿಯುತ್ತದೆ. ಈ ಪುಡಿಯ ಬಗ್ಗೆ ನಮಗೆ ಏನು ಗೊತ್ತು, ಏಕೆ ಇಷ್ಟು ಕಡಿಮೆ ಗೊತ್ತು ಎಂದು ಕೇಳಿಕೊಂಡಾಗ ಕೋಲಾರದ ಗಣಿಸಂಶೋಧನೆಯ ಇಡೀ ಚರಿತ್ರೆಯನ್ನೇ ಮತ್ತೊಮ್ಮೆ ತೆರೆದು ನೋಡಬೇಕಾಗುತ್ತದೆ. ಆ ಚರಿತ್ರೆ ಹೆಮ್ಮೆಪಡುವಂಥದ್ದು. ಆದರೆ ಅದರ ನಡೆಗೆ ಒಂದು ದಿಕ್ಕಿದೆ: ಉತ್ಪಾದನೆಗೆ ಪೆಟ್ಟು ಬಿದ್ದ ಕಡೆಯೆಲ್ಲ ವಿಜ್ಞಾನ ಬೇಗ ಬಂತು, ಬಹಳ ಆಳಕ್ಕೆ ಹೋಯಿತು, ನಷ್ಟ ಕಾರ್ಮಿಕನ ಶ್ವಾಸಕೋಶಕ್ಕೋ ಊರಿನ ಗಾಳಿ-ನೀರಿಗೋ ಸೀಮಿತವಾಗಿದ್ದ ಕಡೆ ತಡವಾಗಿ ಬಂತು, ಇಲ್ಲವೇ ಬರಲೇ ಇಲ್ಲ.

ಹೆಮ್ಮೆಯ ಭಾಗದಿಂದಲೇ ಶುರುಮಾಡೋಣ. 19ನೇ ಶತಮಾನದ ಆರಂಭದಲ್ಲಿ ಜಾನ್ ವಾರನ್ ಎಂಬ ಸೈನ್ಯಾಧಿಕಾರಿ ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ದಾಖಲಿಸಿದ. 1870ರ ದಶಕದಲ್ಲಿ ಲಾವೆಲ್ ಎಂಬಾತ ಗಣಿಗಾರಿಕೆಗೆ ಪರವಾನಗಿ ಪಡೆದ. 1880ರಿಂದ ಜಾನ್ ಟೇಲರ್ ಕಂಪನಿ ಕೈಹಾಕಿತು. ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲ ಇರುವ ಕೋಲಾರದ ಶಿಲಾಪಟ್ಟಿಯಲ್ಲಿ, ಹಸಿರುಗಪ್ಪು ಆಂಫಿಬೊಲೈಟ್ ಬಂಡೆಯ ನಡುವೆ ಕಡಿದಾಗಿ ಇಳಿಯುವ ತೆಳುವಾದ ಬೆಣಚುಕಲ್ಲಿನ ಪದರಗಳೇ ಚಿನ್ನದ ತಾವು. ಮೈಸೂರು ಸಂಸ್ಥಾನ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆದು ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಕರೆಸಿಕೊಂಡದ್ದರ ಹಿಂದೆ ಈ ಚಿನ್ನದ ಆಸೆ ದೊಡ್ಡದಾಗಿಯೇ ಇತ್ತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಹರಿದದ್ದೂ ಬೆಂಗಳೂರಿಗಲ್ಲ, ಈ ಗಣಿಗಳಿಗೆ. ಗಣಿ ಮುಚ್ಚುವ ಹೊತ್ತಿಗೆ ಒಟ್ಟು 5.1 ಕೋಟಿ ಟನ್ನಿನಷ್ಟು ಅದಿರಿನಿಂದ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್ ದಾಟಿ ಕೆಳಗಿಳಿದಿತ್ತು. ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ಮೀರಿದ್ದರಿಂದ ಗಾಳಿ ತಣಿಸುವ ಯಂತ್ರಗಳಿಲ್ಲದೆ ಮನುಷ್ಯ ನಿಲ್ಲುವಂತಿರಲಿಲ್ಲ.

ಆ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರ್ ಬಂಡೆಯ ಮೇಲೆ 800 ಕಿಲೋಗೂ ಮೀರಿದ ಭಾರ ಕೂತಿರುತ್ತದೆ. ಅದಿರು ತೆಗೆದು ಜಾಗ ಖಾಲಿ ಮಾಡಿದ ಕೂಡಲೇ ಆ ಭಾರ ಅಕ್ಕಪಕ್ಕದ ಬಂಡೆಗೆ ವರ್ಗವಾಗುತ್ತದೆ. ಕೋಲಾರದ ಬಂಡೆ ಗಟ್ಟಿ, ಆದರೆ ಪೆಡಸು. ಬಾಗಿ ಭಾರ ಇಳಿಸಿಕೊಳ್ಳುವ ಗುಣ ಅದಕ್ಕಿಲ್ಲ. ಹೊತ್ತುಕೊಳ್ಳುವಷ್ಟು ಹೊತ್ತು, ಕೊನೆಗೊಮ್ಮೆ ಸಿಡಿಯುತ್ತದೆ. ಇದೇ ರಾಕ್‌ಬರ್ಸ್ಟ್. ಉರಿಗಾಂ ಗಣಿಯಲ್ಲಿ 1898ರಲ್ಲೇ ಇಂಥ ಸಿಡಿತ ದಾಖಲಾಗಿದೆ. ಆಗಿನವರು ಅದನ್ನು ಏರ್ ಬ್ಲಾಸ್ಟ್ ಎನ್ನುತ್ತಿದ್ದರು, ಏಕೆಂದರೆ ಬಂಡೆ ಒಡೆದಾಗ ಸುರಂಗದಲ್ಲಿ ನುಗ್ಗುವ ಗಾಳಿಯೇ ಜನರನ್ನು ಎತ್ತಿ ಒಗೆಯುತ್ತಿತ್ತು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ 1904ರಲ್ಲೇ ಈ ಬಗ್ಗೆ ಒಂದು ಪ್ರತ್ಯೇಕ ಬುಲೆಟಿನ್ ಬರೆದರು. ಜಗತ್ತಿನಲ್ಲಿ ಈ ವಿಷಯದ ಮೇಲೆ ಬಂದ ಮೊದಲ ಬರಹಗಳಲ್ಲಿ ಅದೂ ಒಂದು. ಅಲ್ಲಿಂದ ಮುಂದಿನ ಅರ್ಧ ಶತಮಾನದಲ್ಲಿ ಕೋಲಾರದ ಎಂಜಿನಿಯರುಗಳು ಕಲಿತದ್ದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಮೊದಮೊದಲು ಎರಡು ಕಡೆಯಿಂದ ಅದಿರು ಕೊರೆಯುತ್ತ ಬಂದು ನಡುವೆ ಒಂದು ತುಂಡು ಬಂಡೆಯನ್ನು ಕೊನೆಗೆ ಬಿಡುತ್ತಿದ್ದರು. ಸುತ್ತಲಿನ ಭಾರವೆಲ್ಲ ಆ ತುಂಡಿನ ಮೇಲೆ ಬಿದ್ದು ಅದು ಸಿಡಿಯುತ್ತಿತ್ತು. ಬಿರುಕು, ಡೈಕ್‌ಗಳ ಬಳಿಯಂತೂ ಇನ್ನೂ ಜೋರು. ಆದ್ದರಿಂದ ತುಂಡು ಉಳಿಸದಂತೆ ಒಂದೇ ದಿಕ್ಕಿಗೆ ಹಿಂದೆ ಸರಿಯುತ್ತ ಅದಿರು ತೆಗೆಯುವ ಕ್ರಮ ಬಂತು. ಖಾಲಿ ಜಾಗಕ್ಕೆ ಮರದ ಆನಿಕೆ ಕೊಟ್ಟರೆ ಅದು ಕುಸಿದು ಗೋಡೆಗಳು ಒಮ್ಮೆಲೇ ಸಮೀಪಿಸುತ್ತವೆ ಎಂದು ತಿಳಿದ ಮೇಲೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿದರು. ಅದರಲ್ಲೂ ಸಂದುಗಳಿರುತ್ತವೆ ಎಂದು ಕಂಡ ಮೇಲೆ ಕಾಂಕ್ರೀಟ್ ತುಂಬಿದರು. ಒಂದೊಂದು ಹೆಜ್ಜೆಗೂ ಸಿಡಿತದ ಲೆಕ್ಕ ಇಟ್ಟು, ಹೋಲಿಸಿ, ತಿದ್ದಿಕೊಂಡು ಹೋದ ಶಿಸ್ತು ಇದು.

ಬಂಡೆಯ ಸದ್ದು ಕೇಳುವ ವಿದ್ಯೆಯೂ ಹೀಗೆಯೇ ಬೆಳೆಯಿತು. 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಗಣಿಯ ಒಳಗೂ ಹೊರಗೂ ನೆಲದ ಕಂಪನ ಹಿಡಿಯುವ ಜಿಯೋಫೋನುಗಳ ಜಾಲ ಹಾಸಿದರು. ಬಂಡೆಯಲ್ಲಿ ಕಂಪನದ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಹಾಗಾಗಿ ಬೇರೆ ಬೇರೆ ಜಿಯೋಫೋನುಗಳಿಗೆ ಅದು ತಲುಪಿದ ಹೊತ್ತಿನಲ್ಲಿ ಸೆಕೆಂಡಿನ ಸಾವಿರದ ಒಂದು ಪಾಲು ವ್ಯತ್ಯಾಸವಿದ್ದರೆ ದೂರದಲ್ಲಿ 6 ಮೀಟರ್ ವ್ಯತ್ಯಾಸ. ಈ ಲೆಕ್ಕದಿಂದ ಮೂರು ಕಿಲೋಮೀಟರ್ ಕೆಳಗೆ ಯಾವ ಸುರಂಗದ ಯಾವ ಮೂಲೆಯಲ್ಲಿ ಬಂಡೆ ಬಿರಿಯಿತು ಎಂದು ಮೇಲೆ ಕುಳಿತು ಹೇಳಬಹುದಿತ್ತು. ಈ ಅನುಭವವೇ ಗಟ್ಟಿಯಾಗಿ 1988ರಲ್ಲಿ ಕೆಜಿಎಫ್‌ನಲ್ಲೇ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಹುಟ್ಟಿತು. ಇಂದು ಹಿಮಾಲಯದ ಜಲವಿದ್ಯುತ್ ಯೋಜನೆಗಳ ನೆಲದಡಿಯ ಯಂತ್ರಾಗಾರಗಳಿಗೆ ಆ ಸಂಸ್ಥೆ ಸಲಹೆ ಕೊಡುತ್ತಿದ್ದರೆ, ಆ ತಿಳಿವಳಿಕೆಯ ಬೇರು ಚಾಂಪಿಯನ್ ರೀಫ್‌ನಲ್ಲಿದೆ.

ಗಣಿಯ ಆಳ ಗಣಿಗಾರಿಕೆಗೆ ಸಂಬಂಧವೇ ಇಲ್ಲದ ವಿಜ್ಞಾನಕ್ಕೂ ಒದಗಿತು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ತಂಡ ಇಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ವಾಯುಮಂಡಲದ ನ್ಯೂಟ್ರಿನೊ ಎಂಬ ಕಣಗಳನ್ನು ಗುರುತಿಸಿತು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡವೂ ಅದನ್ನೇ ಕಂಡಿತ್ತು. ನಂಜನಗೂಡಿನ ಬಿ. ವಿ. ಶ್ರೀಕಂಠನ್, ಮಂಗಳೂರಿನಲ್ಲಿ ಹುಟ್ಟಿದ ಎಂ. ಜಿ. ಕೆ. ಮೆನನ್ ಈ ಕೆಲಸದ ಮುಂಚೂಣಿಯಲ್ಲಿದ್ದರು. 1980ರಿಂದ 140 ಟನ್ನಿನ ಕಬ್ಬಿಣದ ಶೋಧಕವನ್ನು ಇಟ್ಟುಕೊಂಡು ಪ್ರೋಟಾನ್ ಒಡೆಯುತ್ತದೆಯೇ ಎಂದು ವರ್ಷಗಟ್ಟಲೆ ಕಾದದ್ದೂ ಇಲ್ಲೇ. ಗಣಿಯ ಆರ್ಥಿಕತೆ ಕುಸಿದಂತೆ 1990ರ ದಶಕದ ಆರಂಭದಲ್ಲಿ ಅದೂ ನಿಂತಿತು. ಬೇರೆ ದೇಶಗಳಲ್ಲಿ ಹಳೆಯ ಗಣಿಗಳೇ ಭೂಗತ ಪ್ರಯೋಗಾಲಯಗಳಾಗಿ ಮುಂದುವರಿದಿವೆ. ನಮ್ಮ ಗಣಿಯಲ್ಲಿ ನೀರು ತುಂಬಿತು. ತಮಿಳುನಾಡಿನ ತೇಣಿಯಲ್ಲಿ ಹೊಸ ನ್ಯೂಟ್ರಿನೊ ವೀಕ್ಷಣಾಲಯ ಕಟ್ಟಲು ಹೊರಟು ವರ್ಷಗಳಿಂದ ಕಗ್ಗಂಟಿನಲ್ಲಿ ಸಿಕ್ಕಿಕೊಂಡಿರುವುದನ್ನು ನೋಡುವಾಗ ಇದು ಬಹಳ ನೋವಿನ ಸಂಗತಿ.

ಇನ್ನು ಮತ್ತೊಂದು ಬದಿಗೆ ಬರೋಣ. ಬೆಣಚುಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ದೂಳು ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಗಾಯದ ಕಲೆಗಳು ಕಟ್ಟಿಕೊಂಡು ಉಸಿರು ಕಿರಿದಾಗುತ್ತ ಹೋಗುತ್ತದೆ. ಒಮ್ಮೆ ಹತ್ತಿದರೆ ಗುಣವಾಗುವ ಕಾಯಿಲೆಯಲ್ಲ ಸಿಲಿಕೋಸಿಸ್. ಕೋಲಾರದ ಕಾರ್ಮಿಕರಿಗೆ ಈ ರೋಗ ಹತ್ತಿದೆ ಎಂಬ ವರದಿ ಬಂದದ್ದು 1934ರಲ್ಲಿ. ಗಣಿ ಶುರುವಾಗಿ ಆಗಲೇ ಅರ್ಧ ಶತಮಾನ ಕಳೆದಿತ್ತು. 1940ರ ದಶಕದಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಗಿಲು ಜನರಲ್ಲಿ ರೋಗ ಕಂಡಿತು. ಸಿಡಿತದ ಬುಲೆಟಿನ್‌ಗೆ ಆರು ವರ್ಷ ಸಾಕಾಯಿತು. ದೂಳಿನ ಎಣಿಕೆಗೆ ಎರಡು ತಲೆಮಾರು ಬೇಕಾಯಿತು.

ಆ ಕಾಲದ ವೈದ್ಯವಿಜ್ಞಾನಕ್ಕೆ ಇದು ಗೊತ್ತಿರಲಿಲ್ಲ, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂಬ ಆಕ್ಷೇಪ ಸಹಜ. ಆದರೆ ದಾಖಲೆ ಬೇರೆಯೇ ಹೇಳುತ್ತದೆ. ಬ್ರಿಟನ್ನಿನ ವಿಜ್ಞಾನಿ ಹಾಲ್ಡೇನ್ 1904ರಲ್ಲೇ ಕಾರ್ನ್‌ವಾಲ್ ಗಣಿಗಾರರ ಸಾವಿಗೆ ಕಲ್ಲಿನ ದೂಳು ಕಾರಣವೆಂದು ವರದಿ ಕೊಟ್ಟಿದ್ದರು. ಕೋಲಾರದಲ್ಲಿ ಮೇಸ್ತ್ರಿಗಳಾಗಿ ಬಂದವರಲ್ಲಿ ಬಹುಮಂದಿ ಆ ಕಾರ್ನ್‌ವಾಲ್‌ನವರೇ. ದಕ್ಷಿಣ ಆಫ್ರಿಕಾದಲ್ಲಿ ಅದೇ ದಶಕದಲ್ಲಿ ಸರ್ಕಾರಿ ಆಯೋಗ ಕೂತು, 1911ರಲ್ಲಿ ಪರಿಹಾರದ ಕಾನೂನೇ ಬಂದಿತ್ತು. ಕೊರೆಯುವಾಗ ನೀರು ಹಾಯಿಸಿ ದೂಳು ಅಡಗಿಸುವ ಉಪಾಯವೂ ಆಗಲೇ ತಿಳಿದಿತ್ತು. ಹೀಗಾಗಿ ಕೊರತೆ ಜ್ಞಾನದ್ದಲ್ಲ. ಜ್ಞಾನವನ್ನು ಇಲ್ಲಿಗೆ ತಂದು, ಇಲ್ಲಿನ ತಮಿಳು, ತೆಲುಗು, ಕನ್ನಡ ಮಾತಾಡುವ ಬಡ ಕಾರ್ಮಿಕರ ಎದೆಗಳನ್ನು ಪರೀಕ್ಷಿಸಿ ನೋಡುವ ಒತ್ತಾಯ ಯಾರಿಗೂ ಇರಲಿಲ್ಲ. ದೂಳಿನಿಂದ ಸಾಯುವವನು ಗಣಿ ಬಿಟ್ಟ ಮೇಲೆ, ಹಳ್ಳಿಗೆ ಮರಳಿದ ಮೇಲೆ ಸಾಯುತ್ತಾನೆ. ಅಂದಿನ ಪಾಳಿಯ ಅದಿರು ಅದರಿಂದ ನಿಲ್ಲುವುದಿಲ್ಲ. ಬಂಡೆ ಸಿಡಿದರೆ ಆ ಕ್ಷಣಕ್ಕೆ ಇಡೀ ಅದಿರಿನ ಭಾಗವೇ ಕೈತಪ್ಪುತ್ತದೆ. ಸಂಶೋಧನೆಯ ಹಣ ಯಾವ ಕಡೆ ಹರಿಯಿತು ಎಂಬುದಕ್ಕೆ ಈ ವ್ಯತ್ಯಾಸಕ್ಕಿಂತ ಸ್ಪಷ್ಟ ಕಾರಣ ನನಗೆ ಕಾಣುತ್ತಿಲ್ಲ. ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್‌ಗೆ ಪರಿಹಾರದ ನಿಯಮ ಮಾಡಿತು ಎಂಬುದನ್ನು ಇಲ್ಲಿ ನೆನೆಯಲೇಬೇಕು. ದೊಡ್ಡ ಎಣಿಕೆ ನಡೆದದ್ದು ಆ ನಿಯಮದ ಬೆನ್ನಿಗೇ. ಕಾನೂನು ಕೇಳಿದಾಗ ವಿಜ್ಞಾನ ಉತ್ತರಿಸಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ರಾಕ್‌ಬರ್ಸ್ಟ್ ಸಂಶೋಧನೆಯಿಂದ ಉಳಿದದ್ದು ಕಾರ್ಮಿಕರ ಜೀವವೂ ಹೌದಲ್ಲವೇ, ಅದನ್ನು ಬರೀ ಲಾಭದ ವಿಜ್ಞಾನ ಎನ್ನುವುದು ಅನ್ಯಾಯವಲ್ಲವೇ? ಹೌದು, ಉಳಿದವು, ಬಹಳ ಜೀವಗಳು ಉಳಿದವು. ಆ ಕೆಲಸ ಮಾಡಿದ ಎಂಜಿನಿಯರುಗಳಲ್ಲಿ ಎಷ್ಟೋ ಮಂದಿ ಮನುಷ್ಯರನ್ನು ಉಳಿಸಲೆಂದೇ ದುಡಿದರು ಎಂಬುದರಲ್ಲೂ ಅನುಮಾನವಿಲ್ಲ. ನನ್ನ ವಾದ ಅವರ ಮನಸ್ಸಿನ ಬಗ್ಗೆ ಅಲ್ಲ, ಸಂಸ್ಥೆಗಳ ಏರ್ಪಾಡಿನ ಬಗ್ಗೆ. ಗಣಿಯ ಹಿತವೂ ಕಾರ್ಮಿಕನ ಹಿತವೂ ಒಂದೇ ದಾರಿಯಲ್ಲಿ ಸಾಗಿದಾಗ ಆ ಏರ್ಪಾಡು ಅದ್ಭುತವಾಗಿ ಕೆಲಸ ಮಾಡಿತು; ದಾರಿಗಳು ಕವಲೊಡೆದಾಗ ಕೈಬಿಟ್ಟಿತು. ಇದನ್ನು ಬರೀ ವಸಾಹತುಶಾಹಿ ಕಂಪನಿಯ ತಪ್ಪೆಂದು ತಳ್ಳಿಹಾಕುವುದೂ ಆಗದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಮಾಲೀಕರು ಬದಲಾದರು, ಪ್ರಶ್ನೆಗಳ ಪಟ್ಟಿ ಬದಲಾಗಲಿಲ್ಲ. ಸರ್ಕಾರಿ ಗಣಿಯೂ ಅದಿರಿನ ಲೆಕ್ಕವನ್ನೇ ಇಟ್ಟಿತು, ದಿಬ್ಬದ ಲೆಕ್ಕ ಇಡಲಿಲ್ಲ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ರೀತಿಯಲ್ಲಿ ಇದು ಎದ್ದು ಕಾಣುತ್ತದೆ. ಗಣಿಯೊಂದನ್ನು ತೆರೆಯುವುದು ಹೇಗೆ ಎಂಜಿನಿಯರಿಂಗ್ ಸಮಸ್ಯೆಯೋ ಮುಚ್ಚುವುದೂ ಹಾಗೆಯೇ ಒಂದು ಸಮಸ್ಯೆ: ನೀರು ಎಷ್ಟು ವೇಗವಾಗಿ ಏರುತ್ತದೆ, ಏರಿದ ನೀರು ಹಳೆಯ ಬಿರುಕುಗಳಿಗೆ ನುಗ್ಗಿದರೆ ಬಂಡೆ ಹೇಗೆ ವರ್ತಿಸುತ್ತದೆ, ಬಾವಿಗಳ ನೀರಿನೊಡನೆ ಅದು ಎಲ್ಲಿ ಬೆರೆಯುತ್ತದೆ, ದಿಬ್ಬಗಳನ್ನು ಏನು ಮಾಡಬೇಕು. ಪಂಪುಗಳು ನಿಂತ ಮೇಲೆ ನೀರು ಏರಿತು; ನೀರೇರಿದಂತೆ ಬಿಟ್ಟ ಗಣಿಯೊಳಗಿಂದ ಕಂಪನಗಳು ಮುಂದುವರಿದದ್ದನ್ನು ಶಿಲಾ ಯಾಂತ್ರಿಕ ಸಂಸ್ಥೆಯ ಉಪಕರಣಗಳು ದಾಖಲಿಸಿದವು. ಗಣಿ ಮುಚ್ಚುವ ಯೋಜನೆ ಕಡ್ಡಾಯ ಎಂಬ ಕೇಂದ್ರದ ನಿಯಮ ಬಂದದ್ದು 2003ರಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು, ಕೋಲಾರದ ಮಟ್ಟಿಗೆ. ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಲ್ಲುವಾಗ ನಿಯಮವಾದರೂ ಇತ್ತು. ಆದರೂ ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಎತ್ತರದ ಅಣೆಕಟ್ಟಿನ ಹಿಂದೆ ಅದಿರಿನ ಕೆಸರು ಇಂದಿಗೂ ನಿಂತಿದೆ, ಕೆಳಗೆ ಭದ್ರೆ ಹರಿಯುತ್ತಾಳೆ.

ಈಗ ದಿಬ್ಬಗಳ ವಿಷಯ. ಅದಿರನ್ನು ಗೋಧಿ ಹಿಟ್ಟಿನಷ್ಟು ನುಣ್ಣಗೆ ಅರೆದು, ತೆಳು ಸೈನೈಡ್ ದ್ರಾವಣದಲ್ಲಿ ಗಾಳಿಯಾಡಿಸಿದರೆ ಚಿನ್ನ ಕರಗುತ್ತದೆ; ಕರಗಿದ ಚಿನ್ನವನ್ನು ಸತುವಿನಿಂದ ಮರಳಿ ಘನವಾಗಿಸಬಹುದು. ಗ್ಲಾಸ್ಗೋದಲ್ಲಿ 1887ರಲ್ಲಿ ಹುಟ್ಟಿದ ಈ ವಿಧಾನ ಹತ್ತಾರು ವರ್ಷಗಳ ಕಾಲ ಕೋಲಾರದ ಗಿರಣಿಗಳನ್ನು ನಡೆಸಿತು. ಉಳಿದ ಹಿಟ್ಟನ್ನು ಹೊರಗೆ ಸುರಿದದ್ದೇ ದಿಬ್ಬ. ಸೈನೈಡ್ ಎಂಬ ಹೆಸರು ಕೇಳಿದರೆ ಎಲ್ಲರಿಗೂ ದಿಗಿಲು. ವಾಸ್ತವವಾಗಿ ಬಿಸಿಲು-ಗಾಳಿಗೆ ತೆರೆದುಕೊಂಡ ಸೈನೈಡ್ ಬಹುಮಟ್ಟಿಗೆ ಒಡೆದುಹೋಗುತ್ತದೆ. ದಶಕಗಳು ಕಳೆದ ದಿಬ್ಬದಲ್ಲಿ ಮುಖ್ಯ ಅಪಾಯ ಅದಲ್ಲ. ಒಣಗಿದ ಸಿಲಿಕಾ ಹಿಟ್ಟು ಬೇಸಿಗೆಯ ಗಾಳಿಗೆ ಎದ್ದು ಮನೆಗಳ ಒಳಕ್ಕೆ ಬರುವುದು ಒಂದು. ಅದಿರಿನ ಸಲ್ಫೈಡ್ ಖನಿಜಗಳು ಮಳೆ-ಗಾಳಿಗೆ ಆಮ್ಲವಾಗಿ, ಲೋಹಗಳನ್ನು ಕರಗಿಸಿಕೊಂಡು ನೆಲಕ್ಕಿಳಿಯುವುದು ಇನ್ನೊಂದು. ಹೆಸರಿನ ಭಯ ನಮ್ಮ ಗಮನವನ್ನೆಲ್ಲ ಸೈನೈಡಿನ ಮೇಲೆ ಕಟ್ಟಿಹಾಕಿದೆ. ಅದರ ಮಟ್ಟ ಕಡಿಮೆ ಎಂದು ಒಂದು ಪರೀಕ್ಷೆ ಹೇಳಿಬಿಟ್ಟರೆ ದಿಬ್ಬ ನಿರಪಾಯವೆಂದು ಎಲ್ಲರೂ ಕೈತೊಳೆದುಕೊಳ್ಳುವ ಸಾಧ್ಯತೆ ಇದೆ. ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಂತಾಗುತ್ತದೆ ಅದು.

ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವುದು ಕರ್ನಾಟಕದ ಶಿಲಾಪಟ್ಟಿಗಳಲ್ಲಿ ಅಪರೂಪವಲ್ಲ. ಯಾದಗಿರಿ ಜಿಲ್ಲೆಯ ಮಂಗಳೂರು ಶಿಲಾಪಟ್ಟಿಯಲ್ಲಿ, ಹಿಂದೆ ಚಿನ್ನದ ಗಣಿ ನಡೆದ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ, ಕೊಳವೆಬಾವಿ ನೀರು ಕುಡಿದವರನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಜನರಲ್ಲಿ ಆರ್ಸೆನಿಕ್‌ನಿಂದ ಬರುವ ಚರ್ಮದ ಕಲೆಗಳು ಕಂಡವು. ಈ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಅಲ್ಲಿ ವಿಷ ಬಂದದ್ದು ಬಂಡೆಯ ಸಹಜ ಗುಣದಿಂದಲೋ ಗಣಿಯಿಂದಲೋ ಎಂಬುದು ವಾದಕ್ಕೆ ಆಸ್ಪದವಿರುವ ವಿಷಯ. ಆದರೆ ಚಿನ್ನ ಹುಡುಕಲು ಆ ಬಂಡೆಯನ್ನು ಒಂದು ಶತಮಾನದ ಹಿಂದೆಯೇ ಬಗೆದು ನೋಡಿದ್ದೆವು. ಅದರ ನೀರು ಕುಡಿಯಲು ತಕ್ಕದ್ದೇ ಎಂದು ಕೇಳಿದ್ದು ಮನುಷ್ಯರ ಚರ್ಮ ಬಿರಿದ ಮೇಲೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ, ವರ್ಷದಿಂದ ವರ್ಷಕ್ಕೆ ಆಳಕ್ಕೆ ಹೋಗುತ್ತಿದೆ. ಕೋಲಾರದ ಕಥೆಯಿಂದ ತಕ್ಷಣ ಪ್ರಯೋಜನ ಪಡೆಯಬೇಕಾದ ಊರು ಅದು.

ದಿಬ್ಬಗಳನ್ನು ಮುಟ್ಟಲೇಬಾರದು ಎನ್ನುವವರಿದ್ದಾರೆ. ನಾನು ಆ ಪಕ್ಷದಲ್ಲಿಲ್ಲ. ಇದ್ದ ಹಾಗೆಯೇ ಬಿಟ್ಟರೆ ದೂಳು ಇನ್ನೂ ನೂರು ವರ್ಷ ಏಳುತ್ತಲೇ ಇರುತ್ತದೆ, ಶುಚಿಗೊಳಿಸಲು ಸರ್ಕಾರದ ಬೊಕ್ಕಸದಿಂದ ಹಣ ಬರುವ ಲಕ್ಷಣ ಕಾಣುವುದಿಲ್ಲ. ಉಳಿದ ಚಿನ್ನದ ಬೆಲೆಯಿಂದಲೇ ಆ ಖರ್ಚು ಹುಟ್ಟಬೇಕು ಎಂಬ ಮಾತಿನಲ್ಲಿ ಹುರುಳಿದೆ. ದಕ್ಷಿಣ ಆಫ್ರಿಕಾದಲ್ಲಿ ಹಳೆಯ ದಿಬ್ಬಗಳನ್ನು ಮತ್ತೆ ಸಂಸ್ಕರಿಸಿ ನೆಲ ಖಾಲಿ ಮಾಡಿದ ಉದಾಹರಣೆಗಳಿವೆ. ಆದರೆ ಆ ಮಾತು ನಿಜವಾಗುವುದು ಹಿಟ್ಟು ಕೊನೆಗೆ ಎಲ್ಲಿ ಕೂರುತ್ತದೆ ಎಂಬುದು ಮೊದಲೇ ತೀರ್ಮಾನವಾದರೆ ಮಾತ್ರ. ಮತ್ತೆ ಅರೆದರೆ ಅದು ಇನ್ನಷ್ಟು ನುಣ್ಣಗಾಗುತ್ತದೆ, ಹೊಸ ಸೈನೈಡ್ ಸೇರುತ್ತದೆ, ಕೋಲಾರದಂಥ ಬರದ ಜಿಲ್ಲೆಯಲ್ಲಿ ಅದಕ್ಕೆ ಬೇಕಾದ ನೀರು ಹೊಂದಿಸಬೇಕಾಗುತ್ತದೆ. ಅಷ್ಟು ಷರತ್ತು ಹಾಕಿದರೆ ಗುತ್ತಿಗೆಗೆ ಯಾರೂ ಬರುವುದಿಲ್ಲ ಎನ್ನುವವರಿಗೆ ಉತ್ತರ ಸರಳ: ಶುಚಿಗೊಳಿಸುವ ಖರ್ಚು ಸೇರಿಸಿದಾಗ ಟನ್ನಿಗೆ 0.7 ಗ್ರಾಂ ಲಾಭ ಕೊಡುವುದಿಲ್ಲವಾದರೆ ಅದು ಅದಿರಲ್ಲ, ಕಸ. ಕಸವನ್ನು ಕಸವೆಂದೇ ಬಗೆದು ಮುಚ್ಚಿ, ಮೇಲೆ ಹುಲ್ಲು-ಗಿಡ ಹಿಡಿಸುವ ಸಂಶೋಧನೆಗೆ ಹಣ ಇಡಬೇಕು.

ಯಾವ ದಾರಿ ಹಿಡಿದರೂ ಮೊದಲ ಗುದ್ದಲಿ ಬೀಳುವ ಮುನ್ನ ಆಗಬೇಕಾದ ಕೆಲಸವಿದೆ. ಕನಿಷ್ಠ ಒಂದು ಪೂರ್ಣ ವರ್ಷ, ಎಲ್ಲ ಋತುಗಳಲ್ಲೂ, ದಿಬ್ಬಗಳ ನೆರೆಯ ರಾಬರ್ಟ್‌ಸನ್ ಪೇಟೆ, ಆಂಡರ್ಸನ್ ಪೇಟೆ, ಮಾರಿಕುಪ್ಪಂ ಸುತ್ತಿನ ಗಾಳಿಯ ದೂಳನ್ನು, ಬಾವಿಗಳ ನೀರಿನ ಆರ್ಸೆನಿಕ್ ಮತ್ತು ಲೋಹಗಳನ್ನು ಅಳೆದು ಬಹಿರಂಗವಾಗಿ ಇಡಬೇಕು. ಮುಂದೆ ಯಾರಿಂದ ಏನು ಕೆಟ್ಟಿತು ಎಂದು ಹೇಳಲು ಬೇರೆ ಆಧಾರ ಇರುವುದಿಲ್ಲ. ಹಳೆಯ ಗಣಿಕಾರ್ಮಿಕರಲ್ಲಿ ಬದುಕಿರುವವರ ಶ್ವಾಸಕೋಶದ ಪರೀಕ್ಷೆ ಅದರ ಜೊತೆಗೇ ನಡೆಯಬೇಕು, ಅದು ದಿನ ಕಳೆದಂತೆ ಅಸಾಧ್ಯವಾಗುತ್ತ ಹೋಗುವ ಸಂಶೋಧನೆ. ಅಳೆಯುವ ಸಂಸ್ಥೆಯ ಸಂಬಳ ಗುತ್ತಿಗೆದಾರನ ಲಾಭಕ್ಕೆ ಕಟ್ಟಿಕೊಂಡಿರಬಾರದು. ಗಣಿಯ ಆದಾಯದಿಂದ ಕಡ್ಡಾಯವಾಗಿ ವಂತಿಗೆ ಪಡೆಯುವ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಈಗ ಇವೆ, ಅಲ್ಲಿಂದ ಹಣ ಬರಬಹುದು. ಈ ಎಲ್ಲ ಕೆಲಸಗಳನ್ನೂ ಹರಾಜಿನ ಷರತ್ತಿನಲ್ಲೇ ಬರೆದಿರಬೇಕು, ಗುತ್ತಿಗೆಗೆ ಸಹಿ ಬಿದ್ದ ಮೇಲೆ ಸೇರಿಸಲು ಹೊರಟರೆ ಅದು ಕೋರ್ಟಿನ ಮೆಟ್ಟಿಲು ಹತ್ತುತ್ತದೆ.